ಉಪ್ಪುನೀರಿನಲ್ಲಿ ಮೂರು ದಿನ

ಮೇ ತಿಂಗಳ ರಜೆ ಮುಗಿದು ಪ್ರಯೋಗಾಲಯದ ಕಪಾಟು ತೆಗೆದ ದಿನ ಮೊದಲು ಮೂಗಿಗೆ ಬಡಿದದ್ದು ಬೂಷ್ಟಿನ ವಾಸನೆ. ಮೇಲಿನ ಮಹಡಿಯ ಪೈಪು ಎಲ್ಲೋ ಸೋರಿ, ನೀರು ಗೋಡೆಯೊಳಗಿನಿಂದಲೇ ಇಳಿದು ಕಪಾಟಿನ ಬೆನ್ನಿಗೆ ಬಂದಿತ್ತು. ಸ್ಲೈಡುಗಳನ್ನಿಡುವ ಮರದ ಪೆಟ್ಟಿಗೆಗಳು ಉಬ್ಬಿಕೊಂಡಿದ್ದವು. ಒಂದರ ಮುಚ್ಚಳವನ್ನು ಚಮಚದ ಹಿಡಿಯಿಂದ ಮೀಟಿ ತೆಗೆದೆ. ಒಳಗಿನ ಗಾಜಿನ ಪಟ್ಟಿಗಳ ಮೇಲೆಲ್ಲ ಬಿಳಿ ಬೂಷ್ಟು ಹತ್ತಿಯ ಹಾಗೆ ಕೂತಿತ್ತು. ಸಸ್ಯಶಾಸ್ತ್ರದ ಮೊದಲ ವರ್ಷದವರಿಗೆ ತೋರಿಸುವ ಕಾಂಡ, ಬೇರು, ಎಲೆಗಳ ಅರವತ್ತು ಸ್ಲೈಡುಗಳಲ್ಲಿ ಒಂದೂ ಉಳಿದಿರಲಿಲ್ಲ.

ಡೊಂಬಿವಲಿಯ ಈ ಕಾಲೇಜಿನಲ್ಲಿ ನಾನು ಪ್ರಯೋಗಾಲಯದ ಅಟೆಂಡರ್. ಓದಿದ್ದು ಆರನೇ ತರಗತಿ. ಕಾಲೇಜಿಗೆ ಬಂದದ್ದು ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚಲು. ಅದಕ್ಕೂ ಮೊದಲು ಉಡುಪಿ ಕಡೆಯವರ ಹೋಟೆಲುಗಳಲ್ಲಿ ಹೆಚ್ಚಿದ್ದೂ ಅದನ್ನೇ. ಒಮ್ಮೆ ನಮ್ಮ ವಿಭಾಗದ ಮುಖ್ಯಸ್ಥೆ ಚಹಾಕ್ಕೆ ಬಂದವರು ನಾನು ಸೌತೆಕಾಯಿ ಕೊಯ್ಯುವುದನ್ನು ನೋಡುತ್ತ ನಿಂತರು. ಒಂದು ಬಿಲ್ಲೆ ಎತ್ತಿ ಬೆಳಕಿಗೆ ಹಿಡಿದರು. ಮರುದಿನ ನನ್ನನ್ನು ಮೇಲೆ ಕರೆಸಿ ಕೈಗೊಂದು ರೇಜರ್ ಕೊಟ್ಟು, ಸೂರ್ಯಕಾಂತಿಯ ಎಳೆ ಕಾಂಡವನ್ನು ಅಡ್ಡಕ್ಕೆ ಕೊಯ್ಯಲು ಹೇಳಿದರು. ಕೊಯ್ದ ಬಿಲ್ಲೆ ನೀರಿನಲ್ಲಿ ತೇಲಿದಾಗ ಅವರು ಮರಾಠಿಯಲ್ಲಿ ಅಂದ ಮಾತು ಇಷ್ಟು: "ಅಣ್ಣಾ, ನಾಳೆಯಿಂದ ಇಲ್ಲಿಗೆ ಬನ್ನಿ." ಅದಾಗಿ ಹದಿನಾಲ್ಕು ವರ್ಷ.

ನಮ್ಮ ವಿಭಾಗದಲ್ಲಿ ಒಂದು ಪದ್ಧತಿ ಇದೆ. ಹೊಸ ಬ್ಯಾಚಿನ ಮೊದಲ ಪ್ರಾಕ್ಟಿಕಲ್ ದಿನ ಎಲ್ಲರೂ ಉದ್ದ ಮೇಜಿನ ಸುತ್ತ ನಿಲ್ಲುತ್ತಾರೆ. ಪಾಠ ಇಲ್ಲ, ಬೋರ್ಡ್ ಇಲ್ಲ. ಒಬ್ಬರು ರೇಜರ್ ಹಿಡಿದು ಕಾಂಡವನ್ನು ಕೊಯ್ಯುತ್ತಾರೆ. ಆ ಬಿಲ್ಲೆಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಒಬ್ಬೊಬ್ಬರಾಗಿ ನೋಡುತ್ತಾರೆ. ಇದಕ್ಕೆ ನಾವು ಮೊದಲ ಕೊಯ್ತ ಅನ್ನುತ್ತೇವೆ. ಹದಿನಾಲ್ಕು ವರ್ಷ ಅದನ್ನು ಮಾಡಿದವನು ನಾನು. ಅಷ್ಟು ಹೊತ್ತು ಡಿಗ್ರಿ ಓದುವ ಮಕ್ಕಳು ಉಸಿರು ಬಿಗಿಹಿಡಿದು ನನ್ನ ಬೆರಳನ್ನೇ ನೋಡುತ್ತಾರೆ. ಉಳಿದ ದಿನವೆಲ್ಲ ನಾನು ಬಾಟಲಿ ತೊಳೆಯುವವನೇ. ಆ ಒಂದು ದಿನ ಮಾತ್ರ ಅಲ್ಲ.

ಈ ಸಲ ಕಪಾಟು ತೆಗೆದ ದಿನ ಮುಖ್ಯಸ್ಥೆಯ ಪಕ್ಕ ಇನ್ನೊಬ್ಬಳು ನಿಂತಿದ್ದಳು. ಹೊಸ ಪ್ರಯೋಗಾಲಯ ಸಹಾಯಕಿ. ಎಂ.ಎಸ್ಸಿ. ಓದಿದವಳು, ಇಪ್ಪತ್ತೈದರ ಒಳಗಿನ ಹುಡುಗಿ. ಅಪ್ಪ ಅಮ್ಮ ವಿಜಯಪುರದ ಕಡೆಯವರು, ಕಟ್ಟಡದ ಕೆಲಸಕ್ಕೆ ಬಂದು ಕಳವಾ ಎಂಬ ಊರಲ್ಲೇ ಉಳಿದವರು. ಇವಳು ಹುಟ್ಟಿದ್ದೂ ಅಲ್ಲೇ. ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮಾತ್ರ ವಿಜಯಪುರದ ಕಡೆಯ ಮಾತು, ನಡುನಡುವೆ ಹಿಂದಿ.

ಹಾಳಾದ ಸ್ಲೈಡುಗಳನ್ನು ನೋಡಿ ಮುಖ್ಯಸ್ಥೆ ಲೆಕ್ಕ ಹಾಕಿದರು. ಕಾಲೇಜು ಶುರುವಾಗಲು ಮೂರು ವಾರವಿದೆ. ಅರವತ್ತೂ ಹೊಸದಾಗಿ ಆಗಬೇಕು. ಮೂವತ್ತು ನಾನು ಕೈಯಲ್ಲಿ ಕೊಯ್ದು ಮಾಡಬೇಕು, ಮೂವತ್ತು ಅವಳು ಯಂತ್ರದಲ್ಲಿ.

"ಯಾವ ಯಂತ್ರ?" ಎಂದೆ.

"ಮೈಕ್ರೋಟೋಮ್. ಸ್ಟೋರಿನಲ್ಲಿ ಇತ್ತಲ್ಲ, ಇವಳು ಸರಿಮಾಡಿದ್ದಾಳೆ." ಮುಖ್ಯಸ್ಥೆ ನನ್ನ ಮುಖ ನೋಡದೆ ಇನ್ನೊಂದು ಮಾತು ಸೇರಿಸಿದರು. "ಈ ವರ್ಷದ ಮೊದಲ ಕೊಯ್ತವೂ ಇವಳೇ ಮಾಡಲಿ ಅಂತ ಒಂದು ಯೋಚನೆ. ಕಲಿತವಳು, ಕೊಯ್ಯುತ್ತಲೇ ವಿವರಿಸುತ್ತಾಳೆ. ಇರಲಿ, ಸ್ಲೈಡುಗಳು ಆಗಲಿ. ನೋಡೋಣ."

ಅವರು ಬರೀ 'ನೋಡೋಣ' ಅಂದದ್ದು. ನಾನು ಅದನ್ನು ಪಂದ್ಯ ಎಂದೇ ತೆಗೆದುಕೊಂಡೆ. ನನ್ನ ಮೂವತ್ತು ಅವಳ ಮೂವತ್ತಕ್ಕಿಂತ ಮೊದಲು ಆಗಬೇಕು, ಅವಳದಕ್ಕಿಂತ ಚೆನ್ನಾಗಿ ಆಗಬೇಕು. ಇಲ್ಲವಾದರೆ ಉದ್ದ ಮೇಜಿನ ತಲೆಯ ಬಳಿ ಈ ಹುಡುಗಿ ನಿಲ್ಲುತ್ತಾಳೆ, ನಾನು ಹಿಂದೆ ಬಕೆಟ್ ಹಿಡಿದು ನಿಲ್ಲುತ್ತೇನೆ.

ಮರುದಿನವೇ ಶುರುಮಾಡಿದೆ. ಕಡಲೆಯನ್ನು ಒದ್ದೆ ಗೋಣಿಯಲ್ಲಿ ಕಟ್ಟಿ ಬೇರು ಬರಿಸಿದೆ. ಸೂರ್ಯಕಾಂತಿ ನನ್ನ ಬಳಿ ಸದಾ ಇರುತ್ತದೆ, ಹಕ್ಕಿಗೆ ಹಾಕುವ ಬೀಜ ತಂದು ಟೆರೇಸಿನಲ್ಲಿ ಪೇಂಟ್ ಡಬ್ಬಿಗಳಲ್ಲಿ ಬಿತ್ತುತ್ತೇನೆ. ಕಣಗಿಲೆ ಎಲೆ ಕಾಲೇಜಿನ ಗೇಟಿನಲ್ಲೇ ಇದೆ. ಮೆಕ್ಕೆಜೋಳಕ್ಕೆ ಶಹಾಡಿನಲ್ಲಿ ಹಳಿಯ ಪಕ್ಕ ತರಕಾರಿ ಬೆಳೆಯುವವರ ಗುರುತಿದೆ.

ಕೈಯಲ್ಲಿ ಕೊಯ್ಯುವುದು ಹೇಳಿದಷ್ಟು ಸುಲಭವಲ್ಲ. ಮೊದಲು ರೇಜರನ್ನು ಚರ್ಮದ ಪಟ್ಟಿಯ ಮೇಲೆ ಎಳೆದು ಅಂಚು ಹಿಡಿಸಬೇಕು. ಹೋಗುವಾಗ ಬೆನ್ನು ಮುಂದೆ, ಬರುವಾಗಲೂ ಬೆನ್ನು ಮುಂದೆ. ಒಂದು ಸಲ ಅಂಚು ಮುಂದಾದರೆ ಪಟ್ಟಿಯೂ ಹೋಯಿತು, ರೇಜರೂ ಹೋಯಿತು. ಗಜ್ಜರಿಯ, ಅಂದರೆ ಕ್ಯಾರೆಟ್ಟಿನ, ತುಂಡನ್ನು ಸೀಳಿ ನಡುವೆ ಕಾಂಡವನ್ನು ಸಿಕ್ಕಿಸಬೇಕು. ಎಡಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ರೇಜರನ್ನು ನೀರಿನಲ್ಲಿ ಅದ್ದಿ, ಓರೆಯಾಗಿ ನಮ್ಮ ಕಡೆಗೆ ಒಂದೇ ಎಳೆತದಲ್ಲಿ ಎಳೆಯಬೇಕು. ಗರಗಸದಂತೆ ಹಿಂದೆ ಮುಂದೆ ಆಡಿಸಿದರೆ ಮುಗಿಯಿತು. ಇಪ್ಪತ್ತು ಬಿಲ್ಲೆ ಕೊಯ್ದರೆ ಒಂದು ಸರಿಬರುತ್ತದೆ. ಸರಿಬಂದದ್ದು ಯಾವುದೆಂದರೆ, ಗಾಜಿನ ಬಟ್ಟಲಿನ ನೀರಿನಲ್ಲಿ ಕಣ್ಣಿಗೆ ಕಾಣದ್ದು.

ಆಮೇಲೆ ಬಣ್ಣ. ಸ್ಯಾಫ್ರನಿನ್ ಎಂಬ ಕೆಂಪು, ನೀರು ಏರುವ ಗಟ್ಟಿ ಕೊಳವೆಗಳನ್ನು ಹಿಡಿಯುತ್ತದೆ. ಅದರ ಮೇಲೊಂದು ಹಸಿರು, ಅದು ಮೆತ್ತಗಿನ ಭಾಗಕ್ಕೆ. ನಡುವೆ ಸ್ಪಿರಿಟ್ಟಿನಲ್ಲಿ ಹಂತ ಹಂತವಾಗಿ ತೊಳೆದು, ಕೊನೆಗೆ ಅಂಟಿನ ಹನಿಯಲ್ಲಿಟ್ಟು, ತೆಳುಗಾಜನ್ನು ಸೂಜಿಯ ಮೇಲೆ ಒರಗಿಸಿ ಗುಳ್ಳೆ ಏಳದ ಹಾಗೆ ಇಳಿಸಬೇಕು. ಸೂರ್ಯಕಾಂತಿಯದಾದರೆ ಕೊಳವೆಗಳ ಕಂತೆಗಳು ಬಳೆಯಂತೆ ಸುತ್ತಲೂ ಕೂತಿರುತ್ತವೆ. ಮೆಕ್ಕೆಜೋಳದಲ್ಲಿ ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಎಲ್ಲೆಂದರಲ್ಲಿ. ಇಷ್ಟನ್ನು ನಾನು ಯಾವ ಪುಸ್ತಕದಿಂದಲೂ ಕಲಿತಿಲ್ಲ.

ಅವಳು ಎರಡನೆಯ ದಿನವೇ ನನ್ನ ಮೇಜಿಗೆ ಬಂದಳು. ನಾನು ರೇಜರ್ ಪಟ್ಟಿಗೆ ಎಳೆಯುತ್ತಿದ್ದೆ.

"ಕಾಕಾ, ಇದು ನನಗೂ ಕಲಿಸ್ರಿ ನಾ. ಕಾಲೇಜಿನ್ಯಾಗ ನಮಗ ಬ್ಲೇಡ್ ಕೊಡ್ತಿದ್ರು. ಇದು ನೋಡೇ ಇಲ್ಲ."

"ನಿಮಗೆ ಯಂತ್ರ ಇದೆಯಲ್ಲ ಮೇಡಂ," ಎಂದು ಬೆನ್ನು ತಿರುಗಿಸಿ ಕೂತೆ. ಪಟ್ಟಿಯ ಸದ್ದು ಅವಳಿಗೆ ಕೇಳಲಿ, ಕೈ ಕಾಣುವುದು ಬೇಡ.

ಅವಳು ಹೋಗಲಿಲ್ಲ. ಒಂದು ಕಂದು ಬಾಟಲಿ ತಂದು ನನ್ನ ಮೇಜಿನ ಅಂಚಿಗಿಟ್ಟಳು. ಫಾರ್ಮಲಿನ್, ಆಸಿಡ್, ಸ್ಪಿರಿಟ್ ಬೆರೆಸಿದ್ದು. ಮುಚ್ಚಳ ತೆಗೆದರೆ ಕಣ್ಣಲ್ಲಿ ನೀರು. "ನಿಮ್ಮ ತುಂಡು ಉಳದ್ರ ಇದರಾಗ ಹಾಕ್ರಿ. ಎಷ್ಟು ದಿನ ಆದ್ರೂ ಹಂಗೇ ಇರ್ತಾವು."

ಹೋಟೆಲಿನಲ್ಲಿ ಮಣಗಟ್ಟಲೆ ತರಕಾರಿ ಕೆಡದ ಹಾಗೆ ಇಟ್ಟವನಿಗೆ ಈ ಪಾಠ! ಬಾಟಲಿಯನ್ನು ಮುಟ್ಟಲಿಲ್ಲ. ಅವಳು ಅತ್ತ ಹೋದ ಮೇಲೆ ಕಿಟಕಿಯ ಕಟ್ಟೆಗೆ ಎತ್ತಿಟ್ಟೆ.

ಹೊಟ್ಟೆಕಿಚ್ಚು ಅನ್ನುವ ಮಾತನ್ನು ನಾನು ಆಗ ಒಪ್ಪುತ್ತಿರಲಿಲ್ಲ. ಕೆಲಸದ ಮರ್ಯಾದೆ ಅನ್ನುತ್ತಿದ್ದೆ. ಆದರೆ ಅವಳ ಎಲ್ಲವೂ ನನ್ನ ಕಣ್ಣಿಗೆ ಬೀಳುತ್ತಿತ್ತು. ಬಿಳಿ ಕೋಟಿನ ಜೇಬಿಗೆ ಅವಳು ಸಿಕ್ಕಿಸಿಕೊಳ್ಳುವ ಪೆನ್ನು. ಪ್ರತಿ ಹಂತಕ್ಕೂ ಅವಳು ಬರೆದುಕೊಳ್ಳುವ ಪುಸ್ತಕ. ಹದಿನಾಲ್ಕು ವರ್ಷ ನನಗೆ ಚಹಾ ತರಲು ಹೇಳಿದ ಮುಖ್ಯಸ್ಥೆ, ಅವಳನ್ನು ಮಾತ್ರ ಎದುರು ಕೂರಿಸಿಕೊಂಡು ಚಹಾ ಕುಡಿಯುತ್ತಾರೆ. ಆ ಚಹಾ ತರುವವನೂ ನಾನೇ. ಅವಳದು ಸಕ್ಕರೆ ಕಮ್ಮಿ.

ಮೊದಲ ಹತ್ತು ದಿನ ನನ್ನದೇ. ಹತ್ತೊಂಬತ್ತು ಸ್ಲೈಡು ಒಣಗಿ ಸಾಲಾಗಿ ಕೂತವು. ಅವಳದು ಒಂದೂ ಇಲ್ಲ. ತುಂಡುಗಳನ್ನು ಸ್ಪಿರಿಟ್ಟಿನಲ್ಲಿ ದಿನಗಟ್ಟಲೆ ಇಟ್ಟು, ಆಮೇಲೆ ಕರಗಿದ ಮೇಣದಲ್ಲಿ ಮುಳುಗಿಸಿ, ಸೋಪಿನ ಬಿಲ್ಲೆಯಂತೆ ಅಚ್ಚು ಹಾಕಿ ಯಂತ್ರಕ್ಕೆ ಸಿಕ್ಕಿಸಿದಳು. ಹಿಡಿ ತಿರುಗಿಸಿದರೆ ಮೇಣ ರಿಬ್ಬನ್ನಿನ ಹಾಗೆ ಬರಬೇಕು. ಬಂದದ್ದು ಪುಡಿ. ಮತ್ತೆ ತಿರುಗಿಸಿದಳು, ಮುದುಡಿದ ಸಿಪ್ಪೆ. ಜೂನಿನ ಸೆಖೆಗೆ ಮೇಣ ಮೆತ್ತಗಾಗುತ್ತಿತ್ತು. ಎರಡು ದಿನ ಅವಳು ಆ ಹಿಡಿಯನ್ನು ತಿರುಗಿಸುವುದು, ನಾನು ಆ ಸದ್ದು ಕೇಳುತ್ತ ಕೊಯ್ಯುವುದು. ಆ ಎರಡು ದಿನ ನನ್ನ ಊಟ ರುಚಿಯಾಗಿತ್ತು ಎಂದು ಹೇಳಲು ಈಗ ನಾಚಿಕೆಯಿಲ್ಲ.

ಮೂರನೆಯ ದಿನ ಅವಳು ಕ್ಯಾಂಟೀನಿಗೆ ಇಳಿದು ಒಂದು ಸ್ಟೀಲ್ ಡಬ್ಬಿಯಲ್ಲಿ ಬರ್ಫದ, ಅಂದರೆ ಐಸಿನ, ತುಂಡುಗಳನ್ನು ತಂದಳು. ಮೇಣದ ಅಚ್ಚನ್ನು ಹತ್ತು ನಿಮಿಷ ಅದರಲ್ಲಿಟ್ಟು ತೆಗೆದು ಸಿಕ್ಕಿಸಿದಳು. ಟಕ್, ಟಕ್, ಟಕ್. ರಿಬ್ಬನ್ ಬಂತು. ಶಾವಿಗೆ ಒರಳಿನಿಂದ ಇಳಿದ ಹಾಗೆ ಇಳಿಯಿತು, ಒಂದರ ಹಿಂದೆ ಒಂದು, ಎಲ್ಲ ಒಂದೇ ದಪ್ಪ. ಮುಖ್ಯಸ್ಥೆ ಓಡಿ ಬಂದರು. "ಬಘಾ ಅಣ್ಣಾ, ನೋಡಿ!" ಎಂದು ನನ್ನನ್ನೂ ಕರೆದರು. ನೋಡಿದೆ. ನಾನು ಇಪ್ಪತ್ತು ಕೊಯ್ದು ಒಂದನ್ನು ಆರಿಸುತ್ತೇನೆ, ಇವಳದು ಇಪ್ಪತ್ತಕ್ಕೆ ಇಪ್ಪತ್ತು. ಬರ್ಫ ಕ್ಯಾಂಟೀನಿನದು, ನಾನು ವರ್ಷಗಟ್ಟಲೆ ಕೈಯಾಡಿಸಿದ ಪೆಟ್ಟಿಗೆಯದು. ನನಗೆ ಯಾಕೆ ಹೊಳೆಯಲಿಲ್ಲ ಎಂಬುದೇ ಹೆಚ್ಚು ಉರಿಯಿತು.

ಅಂದು ಗುರುವಾರ. ನನ್ನದು ಇನ್ನೂ ಹನ್ನೊಂದು ಬಾಕಿ. ಶುಕ್ರವಾರ ಒಂದೇ ದಿನದಲ್ಲಿ ಮುಗಿಸುತ್ತೇನೆಂದು ಬೆಳಿಗ್ಗೆ ಶಹಾಡಿಗೆ ಹೋಗಿ ಮೆಕ್ಕೆಜೋಳದ ಗಿಡಗಳನ್ನು ಕಟ್ಟು ಕಟ್ಟಿ ತಂದೆ. ಟೆರೇಸಿನ ಸೂರ್ಯಕಾಂತಿಯನ್ನೂ ಕಿತ್ತೆ, ಗೋಣಿಯ ಕಡಲೆ ಬೇರೂ ಬಂತು. ಎಲ್ಲವನ್ನೂ ಬೆರಳುದ್ದ ತುಂಡು ಮಾಡಿಟ್ಟೆ. ಕೊಯ್ಯಲು ಕೂತಾಗಲೇ ಮಳೆ ಹಿಡಿಯಿತು. ಮಧ್ಯಾಹ್ನ ಕಾಲೇಜಿನಲ್ಲಿ ನೋಟೀಸು ತಿರುಗಿತು: ಹಳಿಯ ಮೇಲೆ ನೀರು ಬರುವ ಹಾಗಿದೆ, ದೂರದವರು ಹೊರಡಿ. ನಾನು ಬದಲಾಪುರದವನು. ಮಳೆ ಬಂದರೆ ಕಲ್ಯಾಣ ಸ್ಟೇಷನ್ನಿನಾಚೆ ಮೊದಲು ನಿಲ್ಲುವುದು ನಮ್ಮ ರೈಲುಗಾಡಿಯೇ.

ತುಂಡುಗಳನ್ನು ಏನು ಮಾಡುವುದು? ಕಿಟಕಿಯ ಕಟ್ಟೆಯಲ್ಲಿ ಅವಳ ಕಂದು ಬಾಟಲಿ ಇತ್ತು. ಅದನ್ನು ನೋಡಿದೆ. ನೋಡಿ, ಮುಖ ತಿರುಗಿಸಿದೆ.

ಹೋಟೆಲಿನಲ್ಲಿ ಬದನೆ, ಬಾಳೆಹೂವು, ಹಲಸಿನ ಗುಜ್ಜೆ, ಯಾವುದನ್ನು ಹೆಚ್ಚಿದರೂ ಕಪ್ಪಾಗದಿರಲು ಉಪ್ಪುನೀರಿಗೆ ಹಾಕುತ್ತೇವೆ. ಅಡುಗೆಮನೆಗೆ ಬಂದ ಮೊದಲ ದಿನ ಕಲಿಯುವುದೇ ಅದು. ನಾನು ದೊಡ್ಡ ಬರಣಿಗೆ ನೀರು ತುಂಬಿ ತುಂಡುಗಳನ್ನು ಹಾಕಿದೆ. ಒಂದು ಗಂಟೆಗೆ ಒಂದು ಚಿಟಿಕೆ ಉಪ್ಪು ಸಾಕು. ಈ ಮಳೆಗೆ ನಾನಿನ್ನು ಬರುವುದು ಸೋಮವಾರವೇ. ಹಾಗಾದರೆ ಮೂರು ದಿನಕ್ಕೆ ಮೂರು ಹಿಡಿ. ನನ್ನ ಲೆಕ್ಕ ಇಷ್ಟು ಸರಳ. ಕಲಕಿ, ಮುಚ್ಚಿ, ಛತ್ರಿ ತೆಗೆದುಕೊಂಡು ಹೊರಟೆ.

ಶನಿವಾರ, ಭಾನುವಾರ ಗಾಡಿ ಇಲ್ಲ. ಸೋಮವಾರ ಬಂದು ಬರಣಿ ತೆಗೆದರೆ ತುಂಡುಗಳು ಕಪ್ಪಾಗಿರಲಿಲ್ಲ, ಹಸಿರಾಗೇ ಇದ್ದವು. ಸಮಾಧಾನವಾಯಿತು. ಗಜ್ಜರಿಯಲ್ಲಿ ಸಿಕ್ಕಿಸಿ ಕೊಯ್ಯಲು ಹೋದಾಗ ಮಾತ್ರ ಕೈಗೆ ಏನೋ ಬೇರೆ ಅನ್ನಿಸಿತು. ಎಳೆ ಕಾಂಡ ರೇಜರಿಗೆ ಎದೆಕೊಟ್ಟು ನಿಲ್ಲಬೇಕು. ಇದು ಬಾಗಿತು. ಅಂಚನ್ನು ಮತ್ತೆ ಮತ್ತೆ ಹಿಡಿಸಿ, ಹಟದಿಂದ ಕೊಯ್ದೆ. ಸಂಜೆಯೊಳಗೆ ಬಣ್ಣ ಹಾಕಿ ಹನ್ನೊಂದೂ ಮುಗಿಸಿದೆ. ಮೂವತ್ತು ಪೂರ್ತಿ! ಅವಳದು ಇಪ್ಪತ್ತೆರಡು.

ಮಂಗಳವಾರ ಬೆಳಿಗ್ಗೆ ಮುಖ್ಯಸ್ಥೆ ನನ್ನ ಪೆಟ್ಟಿಗೆ ತೆಗೆದು ಒಂದೊಂದಾಗಿ ನೋಡಿದರು. ಹತ್ತೊಂಬತ್ತಕ್ಕೆ ತಲೆ ಆಡಿಸಿದರು. ಇಪ್ಪತ್ತನೆಯದಕ್ಕೆ ಕಣ್ಣು ಹಚ್ಚಿದವರು ಎತ್ತಲೇ ಇಲ್ಲ.

"ಅಣ್ಣಾ, ಇದೇನು? ಕೊಯ್ತ ತೆಳ್ಳಗಿದೆ. ಆದರೆ ಜೀವಕೋಶಗಳೆಲ್ಲ ಕುಸಿದು ಬಿದ್ದಿವೆ. ನೀವೇ ನೋಡಿ."

ನೋಡಿದೆ. ಕೆಂಪು ಹಿಡಿದ ಗಟ್ಟಿ ಕೊಳವೆಗಳು ಕಂಬದಂತೆ ನಿಂತಿದ್ದವು. ಸುತ್ತ ಮೆತ್ತಗಿನ ಕೋಣೆಗಳು, ತುಂಬಿಕೊಂಡು ಒಂದಕ್ಕೊಂದು ಒತ್ತಿ ಕೂರಬೇಕಾದವು, ಒಣಗಿದ ದ್ರಾಕ್ಷಿಯಂತೆ ಚಿರುಟಿದ್ದವು. ಹನ್ನೊಂದೂ ಹಾಗೆಯೇ.

"ಯಾವುದರಲ್ಲಿ ಇಟ್ಟಿದ್ದಿರಿ?"

"ನೀರಿನಲ್ಲಿ, ಮೇಡಂ."

"ಬರೀ ನೀರು?"

"ನೀರು."

ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಆಗ ಅನ್ನಿಸಲಿಲ್ಲ. ಅಡುಗೆಯವನಿಗೆ ಉಪ್ಪುನೀರೂ ನೀರೇ. ಆದರೆ ಅದರ ಬೆನ್ನಿಗೇ ಆಡಿದ ಮಾತು ಮಾತ್ರ ತಿಳಿದೇ ಆಡಿದ್ದು.

"ನಾನಿಲ್ಲದ ಎರಡು ದಿನ ಬರಣಿ ಇಲ್ಲೇ ಇತ್ತು, ಮೇಡಂ. ಶನಿವಾರ ಅವರು ಬಂದಿದ್ದರು. ಕೀಲಿ ಅವರ ಹತ್ತಿರವೂ ಇದೆ, ನಾರುವ ಆ ಬಾಟಲಿಗಳೂ ಅವರವೇ. ನಾನು ಹೇಳುವುದು ಇಷ್ಟೇ."

ಮುಖ್ಯಸ್ಥೆ ಕನ್ನಡಕ ತೆಗೆದರು. "ಅಣ್ಣಾ, ಇದು ದೊಡ್ಡ ಮಾತು. ಅವಳ ಕೆಲಸ ಇನ್ನೂ ಖಾಯಂ ಆಗಿಲ್ಲ, ಗೊತ್ತಲ್ಲ?"

"ಗೊತ್ತು."

"ಮಧ್ಯಾಹ್ನ ಅವಳನ್ನು ಕೇಳುತ್ತೇನೆ. ನಾಳೆ ಬೆಳಿಗ್ಗೆ ಇಬ್ಬರನ್ನೂ ಕೂರಿಸಿ ಇತ್ಯರ್ಥ ಮಾಡೋಣ. ನೀವು ಹೇಳಿದ್ದು ನಿಜವಾದರೆ ನಾನು ಪ್ರಿನ್ಸಿಪಾಲರಿಗೆ ಬರೆದು ಕೊಡಬೇಕಾಗುತ್ತದೆ."

ಅವಳು ಮುಖ್ಯಸ್ಥೆಯ ಕೋಣೆಯಿಂದ ಹೊರಬಂದದ್ದು ಊಟದ ನಂತರ. ಕಣ್ಣು ಕೆಂಪಾಗಿತ್ತೋ ಏನೋ, ನಾನು ನೋಡಲಿಲ್ಲ. ನನ್ನ ಬರಣಿಯ ಹತ್ತಿರ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಯಾವತ್ತಿನ ದನಿಯಲ್ಲೇ ಕೇಳಿದಳು, "ಕಾಕಾ, ಉಪ್ಪಿನ ನೀರು ಮಾಡಿಕೊಡ್ತೀರೇನ್ರಿ? ಫಸ್ಟ್ ಇಯರ್‌ದು ಆ ಎಲಿ ಪ್ರಯೋಗ ಒಮ್ಮಿ ಮಾಡಿ ನೋಡ್ತೀನಿ. ಮೈಕ್ರೋಸ್ಕೋಪ್ ಸರಿ ಅದಾವಿಲ್ಲ, ಚೆಕ್ ಮಾಡಬೇಕು."

ಆ ಪ್ರಯೋಗ ನನಗೆ ಗೊತ್ತು. ಅಂದರೆ, ಅದಕ್ಕೆ ಬಾಟಲಿ ತುಂಬಿಡುವುದು ಗೊತ್ತು. ಪ್ರತಿ ವರ್ಷ ಬಿಸಿ ನೀರಿಗೆ ಚಮಚ ಅಳೆದು ಉಪ್ಪು ಹಾಕಿ ಮೇಜು ಮೇಜಿಗೆ ಇಟ್ಟು ಬರುವವನು ನಾನೇ. ಕುಂಡದಲ್ಲಿ ಬೆಳೆಸುವ ಒಂದು ಗಿಡ, ಎಲೆಯ ಮೇಲ್ಭಾಗ ಹಸಿರು, ಹೊಟ್ಟೆ ನೇರಳೆ. ಆ ನೇರಳೆ ಸಿಪ್ಪೆಯನ್ನು ಉಗುರಿನಿಂದ ಎಬ್ಬಿಸಿ ಮಕ್ಕಳು ಏನೋ ನೋಡುತ್ತಾರೆ. ರೇಜರ್ ಬೇಡದ ಕೆಲಸ ನನ್ನ ಲೆಕ್ಕಕ್ಕೆ ಕೆಲಸವೇ ಅಲ್ಲ. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ನಾನು ಅದಕ್ಕೆ ಕಣ್ಣು ಹಚ್ಚಿದವನಲ್ಲ.

ಬಾಟಲಿ ಕೊಟ್ಟೆ. ಅವಳು ಸಿಪ್ಪೆ ಎಬ್ಬಿಸಿ ಸ್ಲೈಡಿನ ಮೇಲಿಟ್ಟು, ತೆಳುಗಾಜಿನ ಒಂದು ಬದಿಗೆ ಉಪ್ಪುನೀರಿನ ಹನಿ ಹಾಕಿ, ಇನ್ನೊಂದು ಬದಿಗೆ ಸೋಸುವ ಕಾಗದ ಹಿಡಿದಳು. ಕಾಗದ ಹೀರಿದ ಹಾಗೆ ಹನಿ ಒಳಗೆ ಹೋಗುತ್ತದೆ. ಅಷ್ಟರಲ್ಲಿ ಅವಳ ಫೋನು ಬಂತು. "ಎಕ್ ಮಿನಿಟ್ ಕಾಕಾ," ಎಂದು ಹೊರಗೆ ಹೋದಳು.

ಅವಳು ಏನಾದರೂ ತಪ್ಪು ಮಾಡಿರಬೇಕು, ಕಂಡುಹಿಡಿಯೋಣ ಎಂದೇ ನಾನು ಬಗ್ಗಿದೆ.

ನೇರಳೆ ತುಂಬಿದ ಕೋಣೆಗಳು, ಜೇನುಹುಟ್ಟಿನ ಹಾಗೆ ಸಾಲಾಗಿ. ಒಂದೊಂದೂ ಅಂಚಿನ ತನಕ ತುಂಬಿದೆ. ನೋಡುತ್ತಿದ್ದ ಹಾಗೆ ಒಂದು ಬದಿಯಿಂದ ಬಣ್ಣ ಗೋಡೆ ಬಿಟ್ಟು ಸರಿಯತೊಡಗಿತು. ಮೂಲೆಯಲ್ಲಿ ಮೊದಲು, ಆಮೇಲೆ ಸುತ್ತಲೂ. ಕೋಣೆ ಅಷ್ಟೇ ದೊಡ್ಡದು, ಒಳಗಿನದು ಮಾತ್ರ ಚಿರುಟಿ ಚಿರುಟಿ ನಡುವೆ ಒಂದು ಉಂಡೆ ಆಯಿತು. ಅದರ ಪಕ್ಕದ್ದೂ ಹಾಗೇ. ಅದರಾಚೆಯದೂ. ಉಪ್ಪು ಮುಟ್ಟಿದಲ್ಲೆಲ್ಲ.

ನನ್ನ ಹನ್ನೊಂದು ಸ್ಲೈಡುಗಳನ್ನು ಮತ್ತೆ ತೆಗೆದು ನೋಡುವ ಅಗತ್ಯ ಬೀಳಲಿಲ್ಲ.

ಹೆಜ್ಜೆ ಸದ್ದು ಕೇಳಿ ಸರಿದು ನಿಂತೆ. ಅವಳು ಬಂದು, ಈ ಸಲ ಶುದ್ಧ ನೀರಿನ ಹನಿ ಹಾಕಿ ಕಾಗದ ಹಿಡಿದು ನೋಡಿದಳು. "ವಾಪಸ್ ತುಂಬಿಕೊಳ್ಳಾಕತ್ತಾವು," ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. ನನ್ನ ಬಾಯಿ ತಡೆಯಲಿಲ್ಲ.

"ಎಷ್ಟು ಹೊತ್ತು ಬಿಟ್ಟರೂ ತುಂಬಿಕೊಳ್ಳುತ್ತದಾ?"

"ಇಲ್ಲ ಕಾಕಾ. ಲಗೂನ ನೀರು ಕೊಟ್ರ ಬರ್ತಾವು. ಭಾಳ ಹೊತ್ತು ಬಿಟ್ರ ಸತ್ತೇ ಹೋಗ್ತಾವು."

ಸಂಜೆ ಮನೆಯಲ್ಲಿ ಹೆಂಡತಿಗೆ ಹೇಳಿದೆ. ಹದಿನೈದು ದಿನದಿಂದ ಈ ಹುಡುಗಿಯ ಪುರಾಣ ಕೇಳಿ ಕೇಳಿ ಅವಳಿಗೂ ಸಾಕಾಗಿತ್ತು. ಅಡುಗೆಯ ಕಟ್ಟೆಗೆ ಒರಗಿ ಪೂರ್ತಿ ಕೇಳಿದಳು.

"ಅಲ್ಲ ಮಾರಾಯ್ರೆ, ಹಾಗಲಕಾಯಿಗೆ ಉಪ್ಪು ಹಚ್ಚಿ ಇಟ್ಟರೆ ನೀರು ಬಿಡ್ತದೆ ಅಂತ ನಿಮಗೆ ಗೊತ್ತಿಲ್ಲವಾ? ಮಾವಿನ ಮಿಡಿ ಉಪ್ಪಿನಲ್ಲಿ ಚಿರುಟುವುದಿಲ್ಲವಾ? ಇಷ್ಟು ವರ್ಷ ಹೋಟೆಲಿನಲ್ಲಿ ಎಂತ ಮಾಡಿದ್ದು ನೀವು?"

"ಅದು ಅಡುಗೆ. ಇದು ಸೈನ್ಸು."

"ಉಪ್ಪಿಗೆ ಅದು ಗೊತ್ತುಂಟಾ?" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ಸ್ಲೈಡ್ ಹೋದರೆ ಇನ್ನೊಂದು ಕೊಯ್ಯಬಹುದು. ಆ ಹೆಣ್ಣಿನ ಮೇಲೆ ಹಾಕಿದ ಮಾತು? ಹೊಟ್ಟೆಕಿಚ್ಚು ನಿಮ್ಮದು, ಕೆಲಸ ಹೋಗುವುದು ಅವಳದಾ?"

ಊಟ ಮುಗಿಸಿ ಹೊರಗೆ ಕೂತೆ. ಯೋಚಿಸಿದೆ. ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ? ಬರಣಿಯ ನೀರು ಚೆಲ್ಲಿದರೆ ಮುಗಿಯಿತು. ಮೊದಲ ಕೊಯ್ತ ನನ್ನದೇ ಉಳಿಯುತ್ತದೆ. ಹೇಳಿದರೆ ಅದು ಹೋಗುತ್ತದೆ, ಹದಿನಾಲ್ಕು ವರ್ಷದ ಹೆಸರೂ ಹೋಗುತ್ತದೆ. ಆದರೆ ಹಾಗೆ ಉಳಿಸಿಕೊಂಡ ರೇಜರನ್ನು ಎಲ್ಲರ ನಡುವೆ ಎತ್ತುವುದು ಹೇಗೆ ಎಂದು ಎಣಿಸಿದಾಗ, ಮೊದಲ ಬಿಲ್ಲೆಯೇ ಹರಿಯುವುದು ನನಗೇ ಕಂಡಿತು. ಸುಳ್ಳು ಹಿಡಿದ ಕೈಯಲ್ಲಿ ಕೊಯ್ತ ಬರುವುದಿಲ್ಲ.

ಬುಧವಾರ ಬೆಳಿಗ್ಗೆ ಯಾವತ್ತಿಗಿಂತ ಎರಡು ಗಾಡಿ ಮೊದಲು ಹಿಡಿದೆ. ಆದರೂ ಮುಖ್ಯಸ್ಥೆಯ ಕೋಣೆಯಲ್ಲಿ ಅವಳು ಆಗಲೇ ಕೂತಿದ್ದಳು. ಒಬ್ಬರಿಗೇ ಹೇಳಬೇಕೆಂದಿದ್ದೆ. ಇಬ್ಬರ ಮುಂದೆಯೇ ಹೇಳಬೇಕಾಯಿತು.

"ನಿನ್ನೆ ಹೇಳಿದ್ದು ಸುಳ್ಳು, ಮೇಡಂ. ಬರಣಿಗೆ ಉಪ್ಪು ಹಾಕಿದ್ದು ನಾನು. ಮೂರು ಹಿಡಿ. ಯಾರೂ ಮುಟ್ಟಿಲ್ಲ."

ಮುಖ್ಯಸ್ಥೆ ಕೈಯಲ್ಲಿದ್ದ ಪೆನ್ನಿಗೆ ಕ್ಯಾಪು ಹಾಕಿದರು. ಬೈದಿದ್ದರೆ ವಾಸಿಯಿತ್ತು. "ಅವಳಿಗೆ ಹೇಳಿ," ಎಂದರು.

ನಾನು ಅವಳ ಕಡೆ ತಿರುಗಿದೆ. "ತಪ್ಪಾಯಿತು."

"ನನಗ ನಿನ್ನೆ ಗೊತ್ತಾತು ಕಾಕಾ," ಎಂದಳು ಅವಳು. "ಬರಣಿ ಬಾಯಿಗೆ ಉಪ್ಪು ಕಟ್ಟಿತ್ತು."

"ಮತ್ತೆ ಮೇಡಂಗೆ ಯಾಕೆ ಹೇಳಲಿಲ್ಲ?"

"ನೀವು ಹೇಳ್ತೀರಿ ಅನಿಸ್ತು. ಇವತ್ತ ಹತ್ತು ಗಂಟೆ ತನಕ ಕಾಯೂಣು ಅಂದಿದ್ದೆ." ಗೋಡೆಯ ಗಡಿಯಾರ ನೋಡಿದಳು. "ಅದಾದ ಮ್ಯಾಲೆ ನಾನೇ ಹೇಳ್ತಿದ್ದೆ. ನನ್ನ ನೌಕರಿ ರೀ ಕಾಕಾ."

ಅಂದರೆ ಆ ಎಲೆಯ ಸಿಪ್ಪೆಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಅವಳು ಹೊರಗೆ ಹೋದದ್ದು ಬೇಕೆಂದೇ ಇರಬೇಕು. ಕೇಳಲಿಲ್ಲ, ಇಂದಿಗೂ ಕೇಳಿಲ್ಲ. ನನ್ನನ್ನು ಕಾಪಾಡಿದಳೆಂದು ಸಂತೋಷವಾಗಬೇಕಿತ್ತು. ನನಗಾದದ್ದು ಬೇರೆ. ಈ ಹುಡುಗಿ ಅಲ್ಲೂ ನನಗಿಂತ ಒಂದು ಕೈ ಮೇಲಾದಳಲ್ಲ ಎಂದು ಉರಿಯಿತು.

ಮುಖ್ಯಸ್ಥೆ ತೀರ್ಮಾನ ಹೇಳಿದರು. ಹನ್ನೊಂದು ಸ್ಲೈಡು ನಾನು ಮತ್ತೆ ಮಾಡಬೇಕು. ಮೊದಲ ಕೊಯ್ತ ಅವಳದು.

ನಾಲ್ಕು ದಿನವಿತ್ತು. ಮತ್ತೆ ಶಹಾಡಿಗೆ ಹೋದೆ. ಗೋಣಿಯಲ್ಲಿ ಮತ್ತೆ ಕಡಲೆ ಕಟ್ಟಿದೆ. ದಿನಕ್ಕೆ ಮೂರರಂತೆ ಕೊಯ್ದೆ. ಉಳಿದ ತುಂಡುಗಳನ್ನು ಸಂಜೆ ಕಿಟಕಿಯ ಕಟ್ಟೆಯ ಆ ಕಂದು ಬಾಟಲಿಗೆ ಹಾಕಿದೆ. ಕಣ್ಣಲ್ಲಿ ನೀರು ಬಂತು, ಫಾರ್ಮಲಿನ್ನಿಗೆ. ಮರುದಿನ ತೆಗೆದರೆ ತುಂಡು ಗಟ್ಟಿಯಾಗಿ ನಿಂತಿತ್ತು, ರೇಜರಿಗೆ ಎದೆಕೊಟ್ಟಿತು. ಹನ್ನೊಂದೂ ಆದವು. ಮುಖ್ಯಸ್ಥೆ ನೋಡಿ ತಲೆ ಆಡಿಸಿದರು, ಅಷ್ಟೇ.

ಮೊದಲ ಪ್ರಾಕ್ಟಿಕಲ್ ದಿನ ಬೆಳಿಗ್ಗೆ ಟ್ರೇಯ ರೇಜರುಗಳಿಗೆಲ್ಲ ಅಂಚು ಹಿಡಿಸಿ ಸಾಲಾಗಿಟ್ಟೆ. ಏಳನೆಯದಕ್ಕೆ ಹಿಡಿಯ ಹತ್ತಿರ ಒಂದು ಸಣ್ಣ ಕಚ್ಚು ಇದೆ. ಕಣ್ಣಿಗೆ ಕಾಣುವುದಿಲ್ಲ, ಉಗುರು ಹಾಯಿಸಿದರೆ ತಿಳಿಯುತ್ತದೆ. ಅದನ್ನು ತೆಗೆದಿಡಬೇಕಿತ್ತು. ತೆಗೆದಿಡಲಿಲ್ಲ. ಮರೆತೆ ಎಂದು ಬರೆಯಬಹುದು, ಮರೆತಿರಲಿಲ್ಲ.

ಮಕ್ಕಳು ಮೇಜಿನ ಸುತ್ತ ನಿಂತರು. ನಾನು ಹಿಂದೆ, ಬಕೆಟ್ಟಿನ ಪಕ್ಕ. ಅವಳು ಬಿಳಿ ಕೋಟು ಹಾಕಿಕೊಂಡು ಬಂದು, ಗಜ್ಜರಿ ಸೀಳಿ ಕಾಂಡ ಸಿಕ್ಕಿಸಿದಳು. ಟ್ರೇಗೆ ಕೈ ಹಾಕಿದಳು. ಏಳನೆಯದನ್ನೇ ಎತ್ತಿಕೊಂಡಳು.

ಸುಮ್ಮನೆ ನಿಂತಿದ್ದರೆ ಸಾಕಿತ್ತು. ಮೊದಲ ಎಳೆತಕ್ಕೇ ಬಿಲ್ಲೆ ಹರಿಯುತ್ತಿತ್ತು. ಎರಡನೆಯದೂ. ಮಕ್ಕಳು ಕಿಸಕ್ಕೆನ್ನುತ್ತಿದ್ದರು, ಮುಖ್ಯಸ್ಥೆ ಹಿಂದೆ ತಿರುಗಿ ನನ್ನನ್ನು ಹುಡುಕುತ್ತಿದ್ದರು. ಆ ಗಳಿಗೆ ನನಗೆ ಎಷ್ಟು ಬೇಕಾಗಿತ್ತೆಂದರೆ, ನಾಲಿಗೆಯ ಮೇಲೆ ಅದರ ರುಚಿ ಬಂದಿತ್ತು.

ಅವಳು ರೇಜರನ್ನು ನೀರಿಗೆ ಅದ್ದಿದಳು. ಹೆಬ್ಬೆರಳನ್ನು ಸ್ವಲ್ಪ ಮೇಲೆ ಹಿಡಿದಿದ್ದಳು, ಹೊಸಬರೆಲ್ಲ ಹಿಡಿಯುವ ಹಾಗೆ. ಕಚ್ಚು ಸಿಕ್ಕಿಕೊಂಡು ಜಾರಿದರೆ ಸೀದಾ ಬೆರಳಿಗೆ. ಅದು ಕಂಡದ್ದೇ ನನ್ನ ಕಾಲು ನನ್ನನ್ನು ಕೇಳದೆ ನಡೆಯಿತು.

"ನಿಲ್ಲು. ಅದರಲ್ಲಿ ಕಚ್ಚು ಇದೆ." ಜೇಬಿನಿಂದ ನನ್ನ ರೇಜರ್ ತೆಗೆದು ಬಿಡಿಸಿ ಕೊಟ್ಟೆ. ಹದಿನಾಲ್ಕು ವರ್ಷ ಇನ್ನೊಬ್ಬರ ಕೈಗೆ ಕೊಟ್ಟದ್ದಲ್ಲ. "ಹೆಬ್ಬೆರಳು ಕೆಳಗೆ. ಒಂದೇ ಎಳೆತ."

ಮೊದಲನೆಯದು ದಪ್ಪ ಬಂತು. ನನಗೆ ಖುಷಿಯಾಯಿತು. ಎರಡನೆಯದು ಓರೆ. ಐದನೆಯದೋ ಆರನೆಯದೋ ಬಟ್ಟಲಿಗೆ ಬಿದ್ದದ್ದು ಕಾಣಲಿಲ್ಲ. ಅವಳು ಬ್ರಷ್ಷಿನಿಂದ ಹುಡುಕಿ ಎತ್ತಿದಳು. ಮೈಕ್ರೋಸ್ಕೋಪಿನ ಮುಂದೆ ಮಕ್ಕಳು ಸಾಲುಗಟ್ಟಿದರು. "ಬಾಪ್ ರೇ!" ಎಂದ ಒಬ್ಬ. ರೇಜರ್ ನನ್ನದು, ಅದಕ್ಕೇ ಬಂತು ಎಂದುಕೊಂಡೆ. ಎಲ್ಲರೂ ಹೋದ ಮೇಲೆ ನಾನೂ ಹೋಗಿ ಕಣ್ಣು ಹಚ್ಚಿದೆ. ಮೆತ್ತಗಿನ ಕೋಣೆಗಳೆಲ್ಲ ತುಂಬಿಕೊಂಡು ಕೂತಿದ್ದವು. ಒಂದು ಬದಿ ತುಸು ದಪ್ಪ. ಉಳಿದದ್ದು ಸರಿಯಾಗಿಯೇ ಇತ್ತು.

ಅವಳು ರೇಜರ್ ಒರೆಸುತ್ತ ಬಂದಳು. "ಕಾಕಾ, ನಾಳಿ ಎರಡನೇ ಬ್ಯಾಚ್. ಇದು ಮತ್ತ ಕೊಡ್ತೀರೇನ್ರಿ?"

"ಇಲ್ಲ," ಎಂದು ಅವಳ ಕೈಯಿಂದ ತೆಗೆದುಕೊಂಡೆ. ಹಿಡಿಯ ಸಂದಿಯಲ್ಲಿ ಗಜ್ಜರಿಯ ರಸ ಉಳಿದಿತ್ತು, ಇನ್ನೊಮ್ಮೆ ಒರೆಸಿದೆ. "ಟ್ರೇಯಿಂದ ನಿನಗೊಂದು ಆರಿಸಿಕೋ. ಅಂಚು ಹಿಡಿಸುವುದು ಕಲಿ. ಬೆಳಿಗ್ಗೆ ಒಂಬತ್ತಕ್ಕೆ ಬಾ."

ಮರುದಿನ ಅವಳು ಎಂಟೂಮುಕ್ಕಾಲಿಗೇ ಬಂದಳು. ನಾನು ಎಂಟೂವರೆಯಿಂದ ಚರ್ಮದ ಪಟ್ಟಿ ಕಟ್ಟಿಕೊಂಡು ಅಲ್ಲೇ ಕೂತಿದ್ದೆ, ಬಾಗಿಲಿಗೆ ಮುಖಮಾಡಿ.